ನಾಲ್ಕನೇ ಕೆಂಪು

ರಸೂಲಬಿ ಮೆಣಸಿನಕಾಯಿಯ ತೊಟ್ಟು ಹಿಡಿದು ಅದನ್ನು ಕಂಪ್ಯೂಟರಿನ ಗಾಜಿಗೆ ತಾಗಿಸಿದಳು. ಕಾಯಿ ಅಲುಗಬಾರದೆಂದು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಗಾಜಿನ ಹಿಂದೆ ಎಡದಿಂದ ಬಲಕ್ಕೆ ಒಂದು ಉದ್ದನೆಯ ಪಟ್ಟಿ ಹೊಳೆಯುತ್ತಿತ್ತು. ಎಡತುದಿಯಲ್ಲಿ ಹೆಪ್ಪುಗಟ್ಟಿದ ರಕ್ತದಂಥ ಕೆಂಪು. ಅಲ್ಲಿಂದ ಅದು ಎಲ್ಲಿ ತಿಳಿಯಾಯಿತು, ಎಲ್ಲಿ ಮಾಸಿತು ಎಂದು ಬೆರಳಿಟ್ಟು ಹೇಳಲಾಗದ ಹಾಗೆ ಸರಾಗವಾಗಿ ಇಳಿಯುತ್ತ, ಬಲತುದಿಗೆ ಬರುವಷ್ಟರಲ್ಲಿ ಒಣಹುಲ್ಲಿನ ಬಣ್ಣ ಮುಟ್ಟಿತ್ತು. ಕೆಳಗೆ ಒಂದರಿಂದ ಒಂಬತ್ತರವರೆಗೆ ಅಂಕಿಗಳು. ಮೆಣಸಿನಕಾಯಿ ನಾಲ್ಕರ ಮೇಲೆ ನಿಂತಿತ್ತು. ನಾಲ್ಕರ ಬಣ್ಣವೇ ಬೇರೆ, ಕಾಯಿಯ ಬಣ್ಣವೇ ಬೇರೆ.

"ದುರ್ಗವ್ವಾ," ಅಂದಳು ರಸೂಲಬಿ. "ಈ ನಾಕನೇದು, ಇದನ್ನ ನಾನ ಹೇಳಿ ಹಾಕಿಸಿದ್ನೇನ?"

ದುರ್ಗಾಳ ಕೈ ಮೌಸಿನ ಮೇಲಿತ್ತು. ಅದನ್ನು ಸುಮ್ಮನೆ ಅತ್ತಿತ್ತ ಆಡಿಸಿದಳು. ಪರದೆಯ ಮೇಲೆ ಬಾಣದ ಗುರುತು ಒಂದರಿಂದ ಒಂಬತ್ತಕ್ಕೆ ಹೋಗಿ ತಿರುಗಿ ಬಂತು.

"ಶಾಂತಯ್ಯ ಸಾವಕಾರ್ರು ಹೇಳಾಕತ್ತಾರ," ರಸೂಲಬಿ ಮುಂದುವರಿಸಿದಳು, "ಇದು ನೀ ಕುಂತು ಹೇಳಿದ ಬಣ್ಣಾನ ಅಂತ. ಈಗ ನಿನ್ನ ಕಾಯಿ ಇದಕ್ಕ ಕೂಡವಲ್ಲವು ಅಂದ್ರ ನಿನ್ನ ಕಣ್ಣ ಕೆಟ್ಟಾವು ಅಂತ. ಕಂಪ್ಯೂಟರನ್ಯಾಗಿನ ಬಣ್ಣಾ ಬಿಸಲಿಗೆ ಹೋಗೂದಿಲ್ಲಂತ, ಇಟ್ಟದ್ದು ಇಟ್ಟಂಗ ಇರತೈತಂತ. ಖರೇ ಏನ?"

"ಇಟ್ಟದ್ದು ಇಟ್ಟಂಗ ಇರತೈತಿ ಚಿಗವ್ವಾ," ಅಂದಳು ದುರ್ಗಾ.

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಹೇಳಿದ ಮೇಲೆ ಅವಳಿಗೆ ರಸೂಲಬಿಯ ಮುಖ ನೋಡಲಾಗಲಿಲ್ಲ.

ಇದೆಲ್ಲ ಶುರುವಾದದ್ದು ಆ ವರ್ಷದ, ಅಂದರೆ ಎರಡು ಸಾವಿರದ ಮೂರನೇ ಇಸವಿಯ, ಸಂಕ್ರಾಂತಿ ಕಳೆದ ಮೇಲೆ. ಕೊಪ್ಪಿಕರ ರಸ್ತೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಗಂಗಪ್ಪನ ಅಂಗಡಿ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು ಮಾಡಿಕೊಡುತ್ತಿದ್ದ ಗಂಗಪ್ಪ, ಹಿಂದಿನ ದೀಪಾವಳಿಗೆ ಬೋರ್ಡಿನ ಕೆಳಗೆ "ವೆಬ್‌ಸೈಟ್ ಮಾಡಿಕೊಡಲಾಗುವುದು" ಎಂದು ಇನ್ನೊಂದು ಸಾಲು ಬರೆಸಿದ್ದ. ಬರೆಸಿದವನಿಗೆ ವೆಬ್‌ಸೈಟ್ ಮಾಡಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ದುರ್ಗಾಳಿಗೆ. ಮಗಳು ಸೌಂದರ್ಯಾ ಬಾಲವಾಡಿಗೆ ಹೋಗಲು ಶುರುಮಾಡಿದ ವರ್ಷ ಅವಳು ಆರು ತಿಂಗಳ ಕೋರ್ಸು ಸೇರಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದು, ಮಗಳನ್ನು ಬಿಟ್ಟು, ಬೈರಿದೇವರಕೊಪ್ಪದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಕಲಿತು, ಸಂಜೆ ಮತ್ತೆ ಒಲೆಯ ಮುಂದೆ ಕೂಡುವುದು. ಗಂಡ ಹನಮೇಶ ಲಾರಿಯ ಮೇಲೆ ಹೋದರೆ ವಾರ ಬರುತ್ತಿರಲಿಲ್ಲ. ಹೀಗೆ ಕಲಿತ ವಿದ್ಯೆಯಾದ್ದರಿಂದ ಅದರ ಮೇಲೆ ಅವಳಿಗೆ ತುಸು ಹೆಮ್ಮೆಯೂ ಇತ್ತು.

ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ದಲಾಲಿ ಮಾಡುವ ಅಡತಿ ಅಂಗಡಿ ಇಟ್ಟಿದ್ದ ಶಾಂತಯ್ಯನವರು ಬಂದು ಕೂತು ತಮ್ಮ ಕಷ್ಟ ಹೇಳಿದ್ದರು. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕೇರಳದ ಕಾರ್ಖಾನೆಗಳವರಿಗೆ ಖಾರ ಬೇಕಿಲ್ಲ, ಕೆಂಪು ಬೇಕು. ಎಂಥ ಕೆಂಪು ಎಂದು ಫೋನಿನಲ್ಲಿ ಹೇಳಲಾಗುವುದಿಲ್ಲ. ನಮೂನೆ ಕಳಿಸಿದರೆ ಮುಟ್ಟುವ ಹೊತ್ತಿಗೆ ನಾಲ್ಕು ದಿನ, ಅಷ್ಟರಲ್ಲಿ ಮಾಲು ಬೇರೆಯವರ ಪಾಲು. ಇಂಟರ್‌ನೆಟ್ಟಿನಲ್ಲಿ ಕೆಂಪಿನ ಪಟ್ಟಿಯೊಂದನ್ನು ಹಾಕಿ ಕೆಳಗೆ ನಂಬರು ಕೊಟ್ಟರೆ, ಅವರು ಅಲ್ಲಿ ನೋಡಿ "ಎರಡನೇದು ಕಳಸ್ರಿ, ಐದನೇದು ಕಳಸ್ರಿ" ಅನ್ನಬಹುದಲ್ಲ!

ಫೋಟೋ ಹಾಕಿ ನೋಡಿದರು. ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು, ಬಣ್ಣವೂ ಸರಿಯಾಗಿ ಬರಲಿಲ್ಲ.

"ಫೋಟೋ ಬ್ಯಾಡ್ರಿ, ಕೋಡ್‌ನ್ಯಾಗ ಬಣ್ಣಾನ ಬರದ ಕೊಡ್ತೇನಿ," ಅಂದಿದ್ದಳು ದುರ್ಗಾ. ಪರದೆಯ ಮೇಲಿನ ಯಾವ ಬಣ್ಣವಾದರೂ ಮೂರು ಅಂಕಿಗಳ ಬೆರಕೆ: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು. ಅಂಕಿಗಳನ್ನು ಬರೆದರೆ ಬಣ್ಣ ಮೂಡುತ್ತದೆ, ಪುಟವೂ ಹಗುರ. "ಆದ್ರ ನಿಮ್ಮ ಒಂಬತ್ತ ಕೆಂಪು ಯಾವ್ಯಾವು ಅಂತ ನನಗ ಯಾರರ ತೋರಸಬೇಕ್ರಿ."

ಶಾಂತಯ್ಯನವರು ನಕ್ಕಿದ್ದರು. "ಅವು ನನ್ನ ಅಂಗಡ್ಯಾಗ ಎಲ್ಲೂ ಬರದಿಟ್ಟಿಲ್ಲ ತಂಗಿ. ರಸೂಲಬಿ ಕಣ್ಣಾಗ ಅದಾವು. ಅಕಿನ್ನ ಕಳಸ್ತೇನಿ."

ಹೀಗೆ ರಸೂಲಬಿ ಮೆಟ್ಟಿಲು ಹತ್ತಿ, ಮೊಣಕಾಲು ಹಿಡಿದುಕೊಂಡು ಬಂದಿದ್ದಳು. ಕೈಯಲ್ಲಿ ಕರವಸ್ತ್ರದ ಗಂಟು, ಗಂಟಿನಲ್ಲಿ ಒಂಬತ್ತು ಮೆಣಸಿನಕಾಯಿ. ಬಾಗಿಲಲ್ಲೇ ನಿಂತು ದುರ್ಗಾಳನ್ನು ದಿಟ್ಟಿಸಿದಳು. "ಏ, ನೀ ಮಾಳವ್ವನ ಮಗಳಲ್ಲ? ಹೆಬ್ಬಳ್ಳಿ ಮಾಳವ್ವನ ಮಗಳು ದುರ್ಗಿ! ಮೂಗ ನೋಡಿದ್ರ ಗೊತ್ತಾಗತೈತಿ, ಅವ್ವಂದ ಕಡದ ಹಚ್ಚಿದಂಗ ಐತಿ."

ದುರ್ಗಾಳ ತಾಯಿ ಮಾಳವ್ವ ತೀರಿಕೊಂಡು ಆರು ವರ್ಷವಾಗಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಅವಳು ರಸೂಲಬಿಯ ಜೊತೆ ಒಂದೇ ರಾಶಿಗೆ ಕೂತು ಆರಿಸುತ್ತಿದ್ದಳು. ನಾಲ್ಕೈದು ವರ್ಷದ ದುರ್ಗಾ ಚೀಲಗಳ ಮೇಲೆ ಮಲಗುತ್ತಿದ್ದಳು. ಎದ್ದವಳು ಖಾರದ ಕೈಯಿಂದ ಕಣ್ಣುಜ್ಜಿಕೊಂಡು ಕಿರುಚಿದರೆ, ತಾಯಿಗಿಂತ ಮೊದಲು ಎದ್ದು ಬರುತ್ತಿದ್ದವಳು ರಸೂಲಬಿ. ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗಿಟ್ಟು ಉಸಿರೂದಿ, ಬಿಸಿಯಾದ ಬಟ್ಟೆಯನ್ನು ಕಣ್ಣಿಗೆ ಒತ್ತುತ್ತಿದ್ದಳು. ಊದುವುದು, ಒತ್ತುವುದು. ಕಣ್ಣು ತೆರೆಯುವ ತನಕ ಬಿಡುತ್ತಿರಲಿಲ್ಲ.

ಅವತ್ತು ಮಧ್ಯಾಹ್ನವೆಲ್ಲ ಇಬ್ಬರೂ ಪರದೆಯ ಮುಂದೆ ಕೂತಿದ್ದರು. ರಸೂಲಬಿ ಕಾಯಿ ಹಿಡಿಯುವುದು, ದುರ್ಗಾ ಅಂಕಿ ಬದಲಿಸುವುದು.

"ಇನ್ನಾ ಕಪ್ಪ ಬೇಕ. ಹಾಂ... ಇಲ್ಲ, ಈಗ ಹೆಚ್ಚಾತು. ಬದನಿಕಾಯಿ ಆತ ನೋಡ ಅದು. ತುಸು ಹಿಂದಕ ಬಾ."

"ಈಗ?"

"ಹಾಂ, ಅಲ್ಲೇ. ಅಲ್ಲೇ ನಿಂದರ. ಇದು ಒಂದನೇದು."

ಗಂಗಪ್ಪ ಐದನೇ ಸಲ ಸೀನಿ ಮೂಗು ಒರೆಸಿಕೊಂಡ. "ಅಕ್ಕಾರ, ಇದು ಕಂಪ್ಯೂಟರ್ ಅಂಗಡೀನೋ ಖಾರಪುಡಿ ಗಿರಣೀನೋ?"

"ಸೀನ್ರಿ ಸೀನ್ರಿ," ಅಂದಳು ರಸೂಲಬಿ, ತಿರುಗಿಯೂ ನೋಡದೆ. "ನೆಗಡಿ ಇದ್ರ ಹೋಗತೈತಿ. ಪುಕ್ಕಟ ಔಷಧ."

ಹೊಂದಿಸಿದ ಕಾಯಿಗಳನ್ನು ಅವಳು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಮೊದಲಿನ ಮೂರನ್ನು ಒಂದಕ್ಕೊಂದು ಒತ್ತಾಗಿ ಇಟ್ಟವಳು, ನಾಲ್ಕನೆಯದನ್ನು ಇಡುವ ಮುಂಚೆ ಮೇಜಿನ ಮೇಲೆ ನಾಲ್ಕು ಬೆರಳು ಅಡ್ಡ ಊರಿ ಅಷ್ಟು ಜಾಗ ಬಿಟ್ಟಳು.

"ಯಾಕ ಚಿಗವ್ವಾ? ಸಮ ಸಮ ಇಟ್ರ ಛಂದ ಕಾಣತೈತಲ್ಲ?"

"ಛಂದ ತಗೊಂಡ ಏನ ಮಾಡ್ತಿ? ಕಾಯಿ ಸಮ ಇಳಿಯೂದಿಲ್ಲವ್ವಾ. ಮೊದಲಿನ ಮೂರೂ ಅಕ್ಕತಂಗ್ಯಾರ ಇದ್ದಂಗ, ಒಂದರ ಮಾರಿ ಒಂದ ಹೋಲತಾವು. ಒಂದ ರಾತ್ರಿ ಇಬ್ಬನಿ ಹೆಚ್ಚ ಬಿತ್ತಂದ್ರ, ಮೂರರಿಂದ ಧಡಕ್ಕನ ನಾಕಕ್ಕ ಬೀಳತೈತಿ. ಈ ನಡುವಿನ ಬಣ್ಣದ ಕಾಯೀನ ಇಲ್ಲ." ಬಿಟ್ಟ ಜಾಗವನ್ನು ಬೆರಳಿನಿಂದ ತಟ್ಟಿದಳು. "ನಲವತ್ತ ವರ್ಷಾತು. ನಾ ಒಂದೂ ಕಂಡಿಲ್ಲ."

ಆ ಒಂಬತ್ತು ಕೆಂಪುಗಳನ್ನು ದುರ್ಗಾ ಅವಳ ಕಣ್ಣು ಹೇಳಿದ ಹಾಗೆಯೇ ಬರೆದಿದ್ದಳು. ಮೂರಕ್ಕೂ ನಾಲ್ಕಕ್ಕೂ ನಡುವೆ ಪರದೆಯ ಮೇಲೆ ಮೆಟ್ಟಿಲಿನಂಥ ಗೆರೆ ಬಿದ್ದಿತ್ತು.

ಮರುವಾರ ನೋಡಲು ಬಂದ ಶಾಂತಯ್ಯನವರಿಗೆ ಆ ಗೆರೆ ಹಿಡಿಸಲಿಲ್ಲ. "ಇದೇನ ತಂಗಿ, ನವಲಗುಂದ ಜಮಖಾನಿ ಆಗೇತಲ್ಲ ಇದು! ಪಟ್ಟಿ ಪಟ್ಟಿ. ಬೆಳಕ ಹರಿಯೂ ಮುಂದ ಆಕಾಶ ಹ್ಯಾಂಗ ಸರಾಗ ಬಣ್ಣಾ ಬಿಡತೈತಿ, ಹಂಗ ಆಗಬೇಕು. ನೋಡಿದವ ಹಾಂ ಅನಬೇಕು."

"ಆಗತೈತ್ರಿ, ಯಾಕ ಆಗೂದಿಲ್ಲ? ಇವತ್ತ ಅಕ್ಕಾರ ಮಾಡಿ ಕೊಡ್ತಾರ," ಎಂದ ಗಂಗಪ್ಪ.

ಅವತ್ತು ಮಧ್ಯಾಹ್ನ ಮೂರಕ್ಕೆ ಶಾಲೆಯಿಂದ ಫೋನು ಬಂದಿತ್ತು. ಸೌಂದರ್ಯಾಳಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಎಂದು. ದುರ್ಗಾ ಒಂದು ಕಣ್ಣು ಗಡಿಯಾರದ ಮೇಲಿಟ್ಟೇ ಕೂತಳು. ಸರಾಗ ಮಾಡುವುದು ಹೇಗೆಂದು ಗೊತ್ತಿತ್ತು. ಮೊದಲನೇ ಕೆಂಪು, ಕೊನೇ ಕೆಂಪು, ಇವೆರಡನ್ನೇ ಇಟ್ಟುಕೊಳ್ಳುವುದು. ನಡುವಿನ ಅಂತರವನ್ನು ಇನ್ನೂರು ಸಮಪಾಲು ಮಾಡುವುದು. ಒಂದೇ ಸಾಲನ್ನು ಇನ್ನೂರು ಸಲ ತಾನಾಗಿ ಓಡಿಸುವ ಲೂಪ್ ಬರೆದರೆ, ಪ್ರತಿ ಸಲವೂ ಕೂದಲೆಳೆಯಷ್ಟು ತಿಳಿಯಾದ ಇನ್ನೊಂದು ಎಳೆ ಪಕ್ಕದಲ್ಲಿ ಬಂದು ಕೂಡುತ್ತದೆ. ಐದು ಸಾಲು ಬರೆದು ಪುಟ ತೆರೆದಳು. ಕೆಂಪು ಎಡದಿಂದ ಬಲಕ್ಕೆ ಹರಿಯಿತು. ಎಲ್ಲೂ ತಡೆಯಿಲ್ಲ, ಗೆರೆಯಿಲ್ಲ. ಜ್ವರ ಬಂದ ಮಗಳು ಕಾಯುತ್ತಿದ್ದರೂ ಒಂದು ನಿಮಿಷ ಅದನ್ನೇ ನೋಡುತ್ತ ಕೂತಳು.

ಕೆಳಗೆ ಒಂಬತ್ತು ಅಂಕಿಗಳನ್ನು ಸಮ ಅಂತರದಲ್ಲಿ ಇಟ್ಟಳು. ಇಡುವಾಗ ನಾಲ್ಕರ ಮೇಲೆ ಕಣ್ಣು ಬಿತ್ತು. ನಾಲ್ಕು ಈಗ ರಸೂಲಬಿ ಬೆರಳು ಊರಿ ಬಿಟ್ಟಿದ್ದ ಖಾಲಿ ಜಾಗದಲ್ಲಿ ನಿಂತಿತ್ತು. ಯಾವ ಮೆಣಸಿನಕಾಯಿಗೂ ಇಲ್ಲದ, ಚೆಂದದ, ಉರಿಯುವ ಕೆಂಪು. ದುರ್ಗಾ ಅದನ್ನು ಕಂಡಿದ್ದಳು. ಕಾಣಲಿಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಅದು ಸುಳ್ಳು. ನಾಳೆ ಸರಿಮಾಡಿದರಾಯಿತು ಅಂದುಕೊಂಡಳು. ಹಳೆಯ ಒಂಬತ್ತು ಬಣ್ಣಗಳ ಫೈಲಿಗೆ ರಸೂಲಬಿ ಎಂದು ಹೆಸರಿಟ್ಟು ಬದಿಗೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಮರುದಿನ ಮಗಳ ಜ್ವರ ಇಳಿದಿರಲಿಲ್ಲ. ಅದರ ಮರುವಾರ ಲಗ್ನಪತ್ರಿಕೆಗಳ ಸುಗ್ಗಿ ಶುರುವಾಯಿತು.

ಮಾರ್ಚಿನಲ್ಲಿ ಕೇರಳದವರು ಪರದೆ ನೋಡಿ ನಾಲ್ಕನೇ ನಂಬರಿನ ಮಾಲು ಕೇಳಿದರು. ರಸೂಲಬಿ ತಾನು ಹೇಳಿದ ನಾಲ್ಕನ್ನೇ ಆರಿಸಿ ಚೀಲ ತುಂಬಿಸಿದಳು. ಪರದೆಯ ಬಣ್ಣಕ್ಕೆ ಕೂಡಲಿಲ್ಲವೆಂದು ಇಡೀ ಲಾರಿ ಮಾಲು ತಿರುಗಿ ಬಂತು.

ಅದಾದ ಮೇಲೆಯೇ ರಸೂಲಬಿ ಮತ್ತೆ ಮೆಟ್ಟಿಲು ಹತ್ತಿ ಬಂದದ್ದು, ಮತ್ತೆ ಒಂಬತ್ತು ಕಾಯಿ ಗಂಟು ಕಟ್ಟಿಕೊಂಡು. ಅವಳು ಬರುವ ಅರ್ಧ ತಾಸಿನ ಮುಂಚೆ ಶಾಂತಯ್ಯನವರ ಫೋನು ಬಂದಿತ್ತು. ಫೋನಿಟ್ಟು ಗಂಗಪ್ಪ ಕೇಳಿದ್ದ, "ಬಣ್ಣದಾಗ ನಮ್ಮ ಕಡೆಯಿಂದ ಏನೂ ಹೆಚ್ಚುಕಮ್ಮಿ ಇಲ್ಲಲ್ಲ ಅಕ್ಕಾರ? ಇದ್ರ ನಾವಿಬ್ರೂ ಬಾಗಲಾ ಹಾಕ್ಕೊಂಡ ಮನೀಗೆ ಹೋಗೂದ ಮತ್ತ." ದುರ್ಗಾ ಇಲ್ಲ ಎಂದು ತಲೆ ಅಲ್ಲಾಡಿಸಿದ್ದಳು. ಈಗ ಗಂಗಪ್ಪ ಬೆನ್ನ ಹಿಂದೆಯೇ ಕಾಗದ ಕತ್ತರಿಸುತ್ತಿದ್ದ. ರಸೂಲಬಿ ಕೇಳಿದ ಕೂಡಲೆ ಅವನ ಕತ್ತರಿಯ ಸಪ್ಪಳ ನಿಂತಿತ್ತು.

"ಹೇಳವ್ವಾ," ಅಂದಳು ರಸೂಲಬಿ. "ಈ ನಾಕ ನಂದ ಏನ?"

"ಹೂಂ ಚಿಗವ್ವಾ," ಅಂದಳು ದುರ್ಗಾ. "ನೀನ ಹೇಳಿದ್ದು."

ಕತ್ತರಿಯ ಸಪ್ಪಳ ಮತ್ತೆ ಶುರುವಾಯಿತು.

ರಸೂಲಬಿ ಕಾಯಿಯನ್ನು ಗಾಜಿನಿಂದ ತೆಗೆದು ಕಣ್ಣಿನ ಹತ್ತಿರ ತಂದಳು. ದೂರ ಹಿಡಿದಳು. ಕಿಟಕಿಯ ಬೆಳಕಿಗೆ ತಿರುಗಿಸಿದಳು. ಸಿಟ್ಟು ಮಾಡಿದ್ದರೆ, ಜಗಳ ತೆಗೆದಿದ್ದರೆ ದುರ್ಗಾ ಬಹುಶಃ ಬಾಯಿ ಬಿಡುತ್ತಿದ್ದಳು. ಅವಳು ಹಾಗೇನೂ ಮಾಡಲಿಲ್ಲ.

"ಹಂಗಾರ ಕಣ್ಣ ಹೋಗ್ಯಾವ ತಗಿ," ಅಂದಳು ಮೆಲ್ಲಗೆ. "ನನಗ ತಿಳೀಲೇ ಇಲ್ಲ ನೋಡ. ಯಾವಾಗ ಹೋದುವೋ ಏನೋ. ಎಷ್ಟ ಮಂದಿ ಮಾಲು ಕೆಡಿಸೇನೋ."

ಎದ್ದು ಸೆರಗು ಝಾಡಿಸಿಕೊಂಡು ಹೊರಟಳು. ಒಂಬತ್ತೂ ಕಾಯಿ ಮೇಜಿನ ಮೇಲೆ ಉಳಿದವು. ದುರ್ಗಾ ಅವನ್ನು ಎಸೆಯಲಾರದೆ ಖಾಲಿ ಫ್ಲಾಪಿ ಡಬ್ಬಿಯೊಂದರಲ್ಲಿ ಹಾಕಿ ಮೇಜಿನ ಡ್ರಾಯರಿನಲ್ಲಿಟ್ಟಳು.

ಅವತ್ತು ಸಂಜೆ ಮನೆಗೆ ಹೋಗುವ ಮುಂಚೆ ಅವಳು ಮಾಡಿದ ಮೊದಲ ಕೆಲಸವೆಂದರೆ ಲೂಪನ್ನು ಅಳಿಸಿದ್ದು. ರಸೂಲಬಿ ಎಂಬ ಹೆಸರಿನ ಫೈಲು ತೆರೆದು, ಒಂಬತ್ತು ಬಣ್ಣಗಳನ್ನು ಇದ್ದ ಹಾಗೆ ಪುಟಕ್ಕೆ ತಂದಳು. ಸಾವಕಾರರಿಗೆ ಗೆರೆ ಕಾಣದಿರಲೆಂದು ಅಂಚುಗಳಲ್ಲಿ ಮಾತ್ರ ತುಸು ಬೆರೆಸಿ, ಪ್ರತಿ ಅಂಕಿಯ ಮೇಲೂ ರಸೂಲಬಿ ಹೇಳಿದ ಬಣ್ಣವೇ ನಿಲ್ಲುವ ಹಾಗೆ ಮಾಡಿದಳು. ಯಾರಿಗೂ ಹೇಳಲಿಲ್ಲ. ಇನ್ನು ಮುಂದೆ ಕಾಯಿಯೂ ಪರದೆಯೂ ಕೂಡುತ್ತವೆ, ರಸೂಲಬಿಯ ಮೇಲಿನ ಮಾತು ತಾನಾಗಿಯೇ ಇಳಿಯುತ್ತದೆ ಎಂದು ಬಸ್ಸಿನಲ್ಲಿ ನಿಂತು ಲೆಕ್ಕ ಹಾಕಿದಳು.

ಆದರೆ ಮರುದಿನವೇ ರಸೂಲಬಿ ತಾನಾಗಿ ಸಾವಕಾರರ ಮುಂದೆ ಹೋಗಿ, ಇನ್ನು ರಾಶಿಗೆ ಕೂಡುವುದಿಲ್ಲ ಎಂದು ಹೇಳಿ ಬಿಟ್ಟುಬಂದಿದ್ದಳು. ಕಾಯಿ ಆರಿಸುವ ಹದಿನಾಲ್ಕು ಹೆಂಗಸರ ಮೇಲೆ ಅವಳಿಗಿದ್ದ ಹಿರೇತನ ಅವರಲ್ಲೇ ಒಬ್ಬಳಾದ ಕರೀಮಾಬಿಗೆ ಹೋಯಿತು. ಇದು ದುರ್ಗಾಳಿಗೆ ಗೊತ್ತಾದದ್ದು ಏಪ್ರಿಲ್ ಕೊನೆಗೆ, ಶಾಂತಯ್ಯನವರು ಪೇಢೆಯ ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದಾಗ.

"ನಿಮ್ಮ ಪಟ್ಟಿ ಭಾಳ ಛಲೋ ಆತ ತಂಗಿ. ಮುದುಕಿ ಬಿಟ್ಟ ಹೋದ್ಮ್ಯಾಲ ಒಂದ ಲಾರೀನೂ ತಿರುಗಿ ಬಂದಿಲ್ಲ. ಪಾಪ, ಅಕಿ ಕಣ್ಣ ಹೋಗಿದ್ವು ಅಂತ ನಮಗೂ ತಿಳಿದಿದ್ದಿಲ್ಲ. ನಿಮ್ಮ ಪರದೆ ಇದ್ದದ್ದಕ್ಕ ಸಿಕ್ತು, ಇಲ್ಲಂದ್ರ ಇನ್ನಾ ಎಷ್ಟ ದಿನಾ ಹಂಗ ನಡೀತಿತ್ತೋ." ಒಂದು ಪೇಢೆ ಅವಳ ಕೈಗಿಟ್ಟರು.

ಪೇಢೆ ದುರ್ಗಾಳ ಅಂಗೈಯಲ್ಲಿಯೇ ಬೆವರಿತು. ತಾನು ಗುಟ್ಟಾಗಿ ಸರಿಮಾಡಿದ್ದೇ ರಸೂಲಬಿಯ ಮೇಲೆ ಸಾಕ್ಷಿ ಹೇಳಿತ್ತು. ಮೊದಲಿನ ಸುಳ್ಳು ಬರೀ ಒಂದು ಮಾತಾಗಿತ್ತು. ಅದರ ಕೆಳಗೆ ಅವಳು ತಾನೇ ಕಲ್ಲು ಜೋಡಿಸಿ ಗೋಡೆ ಎಬ್ಬಿಸಿದಂತಾಗಿತ್ತು.

ಆಮೇಲಿನ ದಿನಗಳಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಮುರಿಯುವಾಗಲೂ ಅವಳ ಕೈ ನಿಲ್ಲುತ್ತಿತ್ತು. ಇದು ಎಷ್ಟನೇದು, ಎರಡೋ, ಮೂರೋ? ಎಣ್ಣೆ ಕಾಯ್ದು ಹೊಗೆಯಾಡುತ್ತಿತ್ತು. "ಅವ್ವಾ, ಸಾಸಿವಿ ಸುಡಾಕತ್ತಾವು," ಎಂದು ಮಗಳು ಓದುತ್ತಿದ್ದಲ್ಲಿಂದ ಕೂಗುತ್ತಿದ್ದಳು.

ಮೇ ಮೊದಲ ಶನಿವಾರ ದುರ್ಗಾ ಅರ್ಧ ದಿನದ ರಜೆ ಕೇಳಿ ಅಮರಗೋಳಕ್ಕೆ ಹೋದಳು. ಸುಗ್ಗಿ ಇಳಿದಿತ್ತು. ಶಾಂತಯ್ಯನವರ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಐದಾರು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೊನೆಯ ರಾಶಿ ಆರಿಸುತ್ತಿದ್ದರು. ಕರೀಮಾಬಿ ಯಾರೆಂದು ಕೇಳಬೇಕಾಗಲಿಲ್ಲ. ಉಳಿದವರು ಕಾಯಿ ಎತ್ತಿ ತೋರಿಸುತ್ತಿದ್ದದ್ದು ಅವಳಿಗೇ.

"ರಸೂಲಬಿ ಹೋದ್ಮ್ಯಾಲ ಹ್ಯಾಂಗ ಆರಸ್ತೀರಿ ನೀವು?" ದುರ್ಗಾ ಕೇಳಿದಳು.

ಕರೀಮಾಬಿ ಅವಳನ್ನು ಕಾಲಿನಿಂದ ತಲೆಯ ತನಕ ನೋಡಿದಳು. "ಹ್ಯಾಂಗ ಅಂದ್ರ? ಅಕಿ ಕಲಿಸಿದಂಗ. ಅಕಿ ನಾಕ ಅಂದದ್ದ ನನಗೂ ನಾಕ. ಅಕಿ ಕಣ್ಣ ಕೆಟ್ಟಿದ್ರ ನಮ್ಮೆಲ್ಲಾರ್ದೂ ಕೆಟ್ಟಿರಬೇಕಲ್ಲ? ಇದನ್ನ ಸಾವಕಾರ್ರ ಮುಂದ ಹೇಳಿದ್ರ ನಗತಾರ. ಏನ ಕೇಳ್ತಿ ಬಿಡವಾ."

ದುರ್ಗಾ ಒಳಗೆ ಹೋದಳು. ಗಾದಿಯ ಮೇಲೆ ಕೂತಿದ್ದ ಶಾಂತಯ್ಯನವರ ಮುಂದೆ ನಿಂತೇ ಹೇಳಿದಳು. ಜ್ವರ, ಶಾಲೆಯ ಫೋನು ಯಾವುದನ್ನೂ ಹೇಳಲಿಲ್ಲ. ಗೆರೆ ಬೇಡ ಅಂದದ್ದು ನೀವೇ ಎಂದೂ ಹೇಳಲಿಲ್ಲ. "ಬಣ್ಣಾ ನಾ ಬದಲ ಮಾಡಿದ್ದೆ ರೀ. ಅಕಿ ಹೇಳಿದ ನಾಕ ಅದಾಗಿದ್ದಿಲ್ಲ. ಅಕಿ ಬಂದ ಕೇಳಿದಾಗ ಅದಾ ಅಂತ ಸುಳ್ಳ ಹೇಳಿದೆ. ಆಮ್ಯಾಲ ಯಾರಿಗೂ ಹೇಳಲಾರದ ಸರಿ ಮಾಡಿದೆ."

ಶಾಂತಯ್ಯನವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿಟ್ಟರು. "ಒಂದ ಲಾರಿ ಮಾಲು ತಿರುಗಿ ಬಂತಲ್ಲ ತಂಗಿ," ಅಂದರು. "ಗಂಗಪ್ಪನ ಕೂಡ ನಾ ಮಾತಾಡ್ತೇನಿ. ನೀ ಇನ್ನ ನನ್ನ ಕೆಲಸಾ ಮುಟ್ಟಬ್ಯಾಡ." ಅವಳು ತಲೆ ತಗ್ಗಿಸಿ ಹೊರಡುವಾಗ ಹಿಂದಿನಿಂದ ಕೂಗಿದರು. "ಮುದುಕಿಗೆ ಹೇಳಿ ಹೋಗು. ಸೋಮವಾರದಿಂದ ಬರಲಿ. ನಾನ ಹೇಳೇನಿ ಅನ್ನು."

ರಸೂಲಬಿಯ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅವಳು ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮೂಗಿನ ಮೇಲೆ ದಪ್ಪ ಕಪ್ಪು ಚೌಕಟ್ಟಿನ ಹೊಸ ಕನ್ನಡಕ. ಅಕ್ಕಿಯನ್ನು ಕಣ್ಣಿನಿಂದ ನೋಡದೆ ಬೆರಳುಗಳಿಂದ ಸವರಿ ಸವರಿ ಕಲ್ಲು ತೆಗೆಯುತ್ತಿದ್ದಳು.

"ಬಾರವಾ ನನ್ನವ್ವಾ! ಈ ಬಿಸಲಾಗ ಬಂದೀಯಲ್ಲ. ಕೂಸ ಹ್ಯಾಂಗೈತಿ?" ಎಂದು ಮೊರ ಬದಿಗಿಟ್ಟು ನೀರು ತಂದುಕೊಟ್ಟಳು. "ಈ ಚಷ್ಮಾ ನೋಡಿದೇನ? ಕಣ್ಣಿನ ದವಾಖಾನಿಗೆ ಹೋಗಿದ್ದೆ. ಡಾಕ್ಟರ ಅಂತಾನ, ಅಜ್ಜೀ ಏನೂ ಆಗಿಲ್ಲ, ವಯಸ್ಸಿಗೆ ಇಷ್ಟ ಇರೂದ, ಬಣ್ಣಾ ಬರೋಬರಿ ಕಾಣತಾವು ಅಂತ. ಅಂವಗೇನ ಗೊತ್ತು? ಅಂವಗ ಅಕ್ಷರ ಕಾಣೂದ ಗೊತ್ತು, ಮೆಣಸಿನಕಾಯಿ ಕಾಣೂದ ಗೊತ್ತೇನ?" ಎಂದು ನಕ್ಕಳು.

ದುರ್ಗಾ ನೀರಿನ ಲೋಟ ಕೆಳಗಿಟ್ಟಳು. "ಡಾಕ್ಟರ ಹೇಳಿದ್ದ ಖರೇ ಐತಿ ಚಿಗವ್ವಾ. ನಿನ್ನ ಕಣ್ಣ ಏನೂ ಆಗಿಲ್ಲ. ಆ ನಾಕ ನಿಂದಾಗಿದ್ದಿಲ್ಲ. ನೀ ಹೇಳಿದ ಬಣ್ಣಾ ತಗದ ನಾ ಬ್ಯಾರೆ ಹಾಕಿದ್ದೆ. ಅವತ್ತ ಕೇಳಿದಾಗ ಸುಳ್ಳ ಹೇಳಿದೆ. ಸಾವಕಾರ್ರಿಗೂ ಈಗ ಹೇಳೇ ಬಂದೇನಿ. ಸೋಮವಾರದಿಂದ ನೀ ಬರಬೇಕಂತ."

ರಸೂಲಬಿ ಅವಳ ಮುಖವನ್ನೇ ನೋಡಿದಳು. ಕನ್ನಡಕದ ಹಿಂದೆ ಅವಳ ಕಣ್ಣುಗಳು ದೊಡ್ಡದಾಗಿ, ತೇವವಾಗಿ ಕಾಣುತ್ತಿದ್ದವು. ಕೈ ಚಾಚಿ ದುರ್ಗಾಳ ಗಲ್ಲ ಸವರಿದಳು.

"ಮಾಳವ್ವನೂ ಹಿಂಗ ಇದ್ದಳು," ಅಂದಳು. "ಮಂದಿ ತಪ್ಪ ತನ್ನ ತಲೀ ಮ್ಯಾಲ ಹಾಕ್ಕೊಳ್ಳಾಕಿ. ಯಾಕವ್ವಾ ನನ್ನ ಸಲುವಾಗಿ ಸಾವಕಾರ್ರ ಮುಂದ ಹೋಗಿ ಇಲ್ಲದ್ದ ಹೇಳಿದಿ? ನಿನ್ನ ನೌಕರಿಗೆ ಏನರ ಆದ್ರ?"

"ಇಲ್ಲದ್ದಲ್ಲ ಚಿಗವ್ವಾ! ಖರೇನ ಹೇಳಾಕತ್ತೇನಿ. ದೇವರಾಣ—"

"ಆಣಿ ಮಾಡಬ್ಯಾಡ." ರಸೂಲಬಿ ಅವಳ ಬಾಯಿಗೆ ಬೆರಳು ಅಡ್ಡ ಹಿಡಿದಳು. "ನಾ ನಿನ್ನ ಎರಡೆರಡ ಸಲ ಕೇಳಿದ್ದೆ ಅವತ್ತ. ನೀ ಮಾಳವ್ವನ ಮಗಳು. ನನಗ ನೀ ಸುಳ್ಳ ಹೇಳ್ತೀ ಏನ?"

ದುರ್ಗಾ ಚೀಲಕ್ಕೆ ಕೈ ಹಾಕಿ ಫ್ಲಾಪಿ ಡಬ್ಬಿ ತೆಗೆದಳು. ಒಂಬತ್ತೂ ಕಾಯಿಗಳನ್ನು ಅಂಗೈಯಲ್ಲಿ ಸುರಿದು ಬೆರೆಸಿ ಮುಂದೆ ಚಾಚಿದಳು. "ಹಂಗಾರ ಇವನ್ನ ಹಚ್ಚಿ ತೋರಸು. ಅವತ್ತ ನನ್ನ ಮೇಜಿನ ಮ್ಯಾಲ ಹಚ್ಚಿದ್ದಿ ನೋಡು, ಹಂಗ."

"ಬ್ಯಾಡ ಬಿಡ."

"ಒಮ್ಮಿ ಚಿಗವ್ವಾ. ನನ್ನ ಸಲುವಾಗಿ."

ರಸೂಲಬಿ ಅಕ್ಕಿಯನ್ನು ಪಾತ್ರೆಗೆ ಸುರಿದು ಮೊರವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಳು. ಕಾಯಿಗಳನ್ನು ಕೈಗೆ ತೆಗೆದುಕೊಂಡಳು. ಕೈಗೆ ಬಂದದ್ದೇ ತಡ, ಬೆರಳುಗಳಿಗೆ ಜೀವ ಬಂದಂತಾಯಿತು. ಮೊದಲನೆಯದನ್ನು ಹೆಕ್ಕಿದಳು, ಇಟ್ಟಳು. ಎರಡನೆಯದು. ಮೂರನೆಯದು. ಒಂದರ ಪಕ್ಕ ಒಂದು, ತಪ್ಪಿಲ್ಲದೆ, ತಡವಿಲ್ಲದೆ.

ನಾಲ್ಕನೆಯದನ್ನು ಎಡಗೈಯಲ್ಲಿ ಹಿಡಿದುಕೊಂಡು ರಸೂಲಬಿ ಬಲಗೈಯ ನಾಲ್ಕು ಬೆರಳನ್ನು ಮೂರರ ಪಕ್ಕದಲ್ಲಿ ಅಡ್ಡ ಊರಿದಳು. ಊರಿ, ಹಾಗೆಯೇ ಕೂತಳು. ಓಣಿಯಲ್ಲಿ ಯಾರೋ ಕೊಡ ಕೆಳಗಿಟ್ಟ ಸಪ್ಪಳವಾಯಿತು. ಅವಳು ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಬೆರಳುಗಳನ್ನು ನೋಡಿದಳು, ದುರ್ಗಾಳ ಮುಖ ನೋಡಿದಳು. ಆಮೇಲೆ, ಕಲಿಸಿದವರ ಮುಂದೆ ತಪ್ಪು ಮಾಡಲು ಹೊರಟಿದ್ದವಳಂತೆ, ಬೆರಳುಗಳನ್ನು ಬೇಗನೆ ಎತ್ತಿಕೊಂಡು ನಾಲ್ಕನೆಯದನ್ನು ಮೂರಕ್ಕೆ ಒತ್ತಿ ಇಟ್ಟಳು. ಅಷ್ಟೇ ಅಂತರದಲ್ಲಿ ಐದು. ಅಷ್ಟೇ ಅಂತರದಲ್ಲಿ ಆರು, ಏಳು, ಎಂಟು, ಒಂಬತ್ತು.

"ಸಮ ಬಂದೈತೇನವ್ವಾ?" ಅಂದಳು.

ಮೊರದ ಬಲತುದಿಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿದಿತ್ತು.